ಎಡಬದಿಯ ಕಂಬಿ

ದೋಣಿ ಕಟ್ಟೆ, ಫೆಬ್ರವರಿ ೧೧

ಬೆಟ್ಟ ಹತ್ತಿ ಕೂತ ತಮ್ಮನಿಗೆ,

ನೀನು ಅಲ್ಲಿ ಗಾಳಿ ಅಳೆಯುತ್ತಾ ಹಾಯಾಗಿದ್ದೀಯ, ಇಲ್ಲಿ ನಮ್ಮ ಮರ್ಯಾದೆ ನೀರುಪಾಲಾಯಿತು. ಮೊನ್ನೆ ತಪಾಸಣೆಯ ಅಧಿಕಾರಿ ಬಂದಿದ್ದರು. ನಮ್ಮ ಮುದುಕಿ ದೋಣಿ ಹತ್ತಿ ಎಂಜಿನ್ನು ನೋಡಿ ತಲೆಯಾಡಿಸಿದರು, ತೇಲುವ ಜಾಕೀಟುಗಳನ್ನು ನೋಡಿ ತಲೆಯಾಡಿಸಿದರು. ಇನ್ನೇನು ಸಹಿ ಹಾಕಬೇಕು, ಪೆನ್ನು ತೆಗೆಯೋಣ ಅಂತ ಎಡಬದಿಯ ಕಂಬಿಗೆ ಒರಗಿದರು ನೋಡು, ಕಂಬಿ ಹೊತ್ತ ನಿಲುಗಂಬ ಬುಡಸಮೇತ ಕಿತ್ತು ಬಂತು. ನಾನು ಅವರ ಅಂಗಿ ಹಿಡಿದು ಎಳೆದುಕೊಂಡೆ. ಪೆನ್ನು ಮಾತ್ರ ಹೋಯಿತು. ಡೆಕ್ಕಿನ ಸುತ್ತ ಇರುವ ಕಂಬಿಯನ್ನೆಲ್ಲ ಬಿಚ್ಚಿ, ಸರಿಮಾಡಿ, ಮತ್ತೆ ಗಟ್ಟಿಯಾಗಿ ಕೂರಿಸುವ ತನಕ ಒಂದು ನರಪಿಳ್ಳೆಯನ್ನೂ ಹತ್ತಿಸಕೂಡದು ಅಂತ ನನ್ನ ಪೆನ್ನಿನಲ್ಲೇ ಬರೆದುಕೊಟ್ಟು ಹೋದರು.

ಮೇ ತಿಂಗಳಲ್ಲಿ ಆಚೆ ದಡದ ಕಾರ್ಖಾನೆ ಮತ್ತೆ ತೆರೆಯುತ್ತದೆ, ಜನ ಕಟ್ಟೆಯಲ್ಲಿ ಸಾಲು ನಿಲ್ಲುತ್ತಾರೆ. ಅಷ್ಟರೊಳಗೆ ಮುಗಿಸಬೇಕು. ಯಾರನ್ನೂ ಕರೆಯುವುದಿಲ್ಲ, ನಾನೇ ಮಾಡುತ್ತೇನೆ. ಪಕ್ಕದ ಶೆಡ್ಡಿನ ಬೆಸುಗೆಯವನು, ಅದೇ ನಮ್ಮ ಕಿಡಿಯಣ್ಣ, ಗ್ರೈಂಡರ್ ಕೊಡುತ್ತೇನೆ ಅಂದಿದ್ದಾನೆ. ಬೆಸುಗೆ ಅವನೇ ಕಲಿಸಿದ್ದಲ್ಲವೇ, ಎಲ್ಲಾದರೂ ಎಡವಿದರೆ ಬೈಯುವುದಕ್ಕೂ ಅವನೇ ಇದ್ದಾನೆ.

ಒಂದೇ ಒಂದು ಷರತ್ತು ನನ್ನದು. ಕೆಲಸ ಮುಗಿಯುವ ತನಕ ಅಪ್ಪ ದೋಣಿ ಎಳೆದಿಟ್ಟಿರುವ ನಮ್ಮ ಶೆಡ್ಡಿನೊಳಗೆ ಕಾಲಿಡಕೂಡದು. ಇತ್ತೀಚೆಗೆ ಅವನ ಜೊತೆ ಕೆಲಸ ಮಾಡೋದು ಅಂದರೆ ತಲೆನೋವು. ಗಮನ ಎಲ್ಲೋ ಇರುತ್ತದೆ. ನಡುಮನೆಯಲ್ಲಿ ಸ್ಟೂಲು ಇಟ್ಟರೆ ಒದೆಯುತ್ತಾನೆ, ಮಗ್ಗುಲಲ್ಲಿ ಲೋಟ ಇಟ್ಟರೆ ಉರುಳಿಸುತ್ತಾನೆ, ಕೇಳಿದರೆ ಎಲ್ಲದಕ್ಕೂ ನನ್ನ ಮೇಲೇ ರೇಗುತ್ತಾನೆ. ಕಣ್ಣೇನೋ ಚುರುಕಾಗೇ ಇದೆ, ಪೇಪರಿನ ಇರುವೆಯಂಥ ಅಕ್ಷರಗಳನ್ನೆಲ್ಲ ಓದಿ ನನಗೆ ಹೇಳುತ್ತಾನೆ. ವಯಸ್ಸಿನ ಮೊಂಡುತನ ಅಷ್ಟೆ. ಇನ್ನೊಂದು, ಅವನಿಗೆ ಅಚ್ಚರಿಯಾಗಬೇಕು ಅಂತ ನನ್ನಾಸೆ. ಹೊಳೆಯೋ ಕಂಬಿ ನೋಡಿ ಅವನ ಮುಖ ಹೇಗಾಗುತ್ತದೋ ನೋಡಬೇಕು.

ನಾನು ದೋಣಿಬಾಗಿಲಲ್ಲಿ ನಿಂತು "ಸರಿ, ಹೊರಡು" ಅಂತ ಕೂಗದೆ ಗಂಟಲು ತುರಿಸುತ್ತಿದೆ. ಚುಕ್ಕಾಣಿ ಹಿಡಿದವನಿಗೆ ಹಿಂದೆ ಬಾಗಿಲು ಕಾಣುವುದಿಲ್ಲವಲ್ಲ, ನನ್ನ ಕೂಗು ಕೇಳಿಯೇ ಅಪ್ಪ ಎಂಜಿನ್ನು ಎಳೆಯೋದು. ಈಗ ಅವನೂ ಸುಮ್ಮನೆ, ನಾನೂ ಸುಮ್ಮನೆ.

ಬೇಗ ಬರಿ. ನಿನ್ನ ಬೆಟ್ಟಕ್ಕೆ ಫೋನು ಹತ್ತುವ ಕಾಲ ಯಾವಾಗ ಬರುತ್ತದೋ.

ಅಕ್ಕ


ಬೆಟ್ಟದ ತುದಿ, ಫೆಬ್ರವರಿ ೨೪

ಅಕ್ಕಾ,

ನಿನ್ನ ಕಾಗದ ನಿನ್ನೆ ರೋಪ್‌ವೇ ಡಬ್ಬಿಯಲ್ಲಿ ಆಲೂಗಡ್ಡೆ ಚೀಲದ ಮೇಲೆ ಕೂತು ಬಂತು. ಅಧಿಕಾರಿಯ ಪೆನ್ನಿನ ಕತೆ ಓದಿ ನಮ್ಮ ಹವಾಮಾನ ಠಾಣೆಯ ಹಿರಿಯರಿಗೂ ಓದಿ ಹೇಳಿದೆ. ನಗುವುದನ್ನು ಮರೆತಿದ್ದ ಮನುಷ್ಯ, ಎರಡು ಸಲ ನಕ್ಕರು.

ಇಲ್ಲಿ ಎಲ್ಲ ಹಾಗೇ ಇದೆ, ಹಿಮವೂ ಕರಗಿಲ್ಲ. ಮಾಡಿನ ಮೇಲೆ ಗಾಳಿ ಅಳೆಯುವ ಬಟ್ಟಲು ತಿರುಗುತ್ತದೆ, ನಾನು ವೇಗ ಬರೆದುಕೊಳ್ಳುತ್ತೇನೆ. ಗಾಳಿ ಜಾಸ್ತಿಯಾದರೆ ಡಬ್ಬಿ ನಿಲ್ಲಿಸುತ್ತಾರೆ. ಗಾಳಿ ಜಾಸ್ತಿ ಅಂತ ಕೆಳಗೆ ಹೇಳುವವನೂ ನಾನೇ.

ಕಂಬಿಯ ವಿಷಯ. ನೀನು ಮಾಡುವುದೇ ಸರಿ, ನಿನ್ನ ಕೈಗಿಂತ ಒಳ್ಳೆ ಕೈ ಇಲ್ಲ. ಆದರೆ ಅಕ್ಕಾ, ಇದ್ದ ಹಾಗೇ ಕೂರಿಸು. ಯಾವುದು ಎಲ್ಲಿತ್ತೋ ಅಲ್ಲೇ. ಹಳೇ ಕಂಬಿಯಲ್ಲಿ ಡೊಂಕು, ಉಬ್ಬು ಏನಾದರೂ ಇದ್ದರೆ ಇರಲಿ ಬಿಡು. ತುಕ್ಕು ತೆಗೆ, ಬುಡ ಭದ್ರ ಮಾಡು, ಸಾಕು. ಹೊಳಪು ಯಾರಿಗೆ ಬೇಕು?

ಅಪ್ಪನನ್ನು ಹೊರಗಿಡಬೇಡ. ದಿನಕ್ಕೊಂದು ಸಲವಾದರೂ ಕರೆದು ಕಂಬಿ ಮುಟ್ಟಿಸು. ಅವನ ದೋಣಿ ಅಲ್ಲವಾ. ಹೀಗೇ ಅನ್ನಿಸಿತು, ಬರೆದೆ. ತಪ್ಪು ತಿಳಿಯಬೇಡ.

ಸ್ಟೂಲನ್ನು ನಡುಮನೆಯಲ್ಲಿ ಇಡಬೇಡ.

ತಮ್ಮ


ದೋಣಿ ಕಟ್ಟೆ, ಮಾರ್ಚ್ ೮

ದೂರದಲ್ಲಿ ಕೂತು ಬುದ್ಧಿ ಹೇಳುವ ತಮ್ಮನಿಗೆ,

ತಪ್ಪೇ ತಿಳಿದಿದ್ದೇನೆ. ಹೊಳಪು ಯಾರಿಗೆ ಬೇಕಂತೆ. ನನಗೆ ಬೇಕು. ಆ ಕಂಬಿಗಳನ್ನು ನೀನೀಗ ನೋಡಬೇಕು. ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ಹೆಬ್ಬೆರಳು ದಪ್ಪ ಆಗಿತ್ತು. ಅದೆಲ್ಲ ಹೆರೆದು ತೆಗೆದ ಮೇಲೆ ಒಳಗೆ ಒಳ್ಳೆ ಸ್ಟೀಲು, ಮುಖ ನೋಡಿಕೊಳ್ಳಬಹುದು. ಮುಖ ನೋಡಿಕೊಂಡೆ, ಮಸಿ ಮೆತ್ತಿಕೊಂಡಿತ್ತು.

ಬಿಚ್ಚುವಾಗ ಪ್ರತಿ ನಿಲುಗಂಬಕ್ಕೂ ಅದು ಕೂತಿದ್ದ ಜಾಗದ ಗುರುತು ಕಟ್ಟಿಟ್ಟೆ. ಡೆಕ್ಕು ಮೂತಿಯ ಕಡೆ ಏರುತ್ತದಲ್ಲ, ಒಂದರ ಪಾದ ಇನ್ನೊಂದರ ಜಾಗಕ್ಕೆ ಹೊಂದುವುದಿಲ್ಲ. ಪಾದಗಳ ಕೆಳಗೆ ಅಂಟು ಸತ್ತು ವರ್ಷಗಳಾಗಿವೆ. ನೀರು ಬೋಲ್ಟಿನ ತೂತಿನಲ್ಲಿ ಇಳಿದು ಮರ ನೆನೆದ ಬಿಸ್ಕತ್ತಿನ ಹಾಗಾಗಿತ್ತು, ಚಮಚದಲ್ಲಿ ತೆಗೆದೆ. ಕೊಳೆತದ್ದನ್ನೆಲ್ಲ ಕೆರೆದು, ಒಣಗಿಸಿ, ರಾಳ ತುಂಬಿ, ಅದು ಕಲ್ಲಾದ ಮೇಲೆ ಹೊಸ ತೂತು ಕೊರೆಯಬೇಕು. ಸಾವಧಾನದ ಕೆಲಸ. ನನಗೆ ಸಾವಧಾನ ಎಲ್ಲಿಂದ ಬರಬೇಕು? ರಾಳ ಒಣಗುವ ತನಕ ಶೆಡ್ಡಿನಲ್ಲಿ ಆಚೆಯಿಂದ ಈಚೆಗೆ ಓಡಾಡುತ್ತೇನೆ. ಕಿಡಿಯಣ್ಣ, "ನೀನು ನಡೆದ ದೂರದಲ್ಲಿ ನಿನ್ನ ತಮ್ಮನ ಬೆಟ್ಟ ಹತ್ತಬಹುದಿತ್ತು ಕಣಮ್ಮ" ಅನ್ನುತ್ತಾನೆ.

ಅಂದಹಾಗೆ ಒಂದು ತಮಾಷೆ. ಎಡಬದಿಯ ಮೇಲ್ಕಂಬಿಯ ಅಡಿಯಲ್ಲಿ ಅಲ್ಲಲ್ಲಿ ಬೆಸುಗೆಯ ಉಬ್ಬುಗಳು ಸಿಕ್ಕವು. ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ಒಟ್ಟಿಗೆ. ಅಲ್ಲಿ ಜೋಡಣೆಯೂ ಇಲ್ಲ, ಬಿರುಕೂ ಇಲ್ಲ. ಮೂಗು ಸೋರಿ ಒಣಗಿದ ಹಾಗೆ. ಕಿಡಿಯಣ್ಣ ಬೆರಳಾಡಿಸಿ, "ಇದು ಹಳೇದಲ್ಲ, ಯಾರೋ ಬೇಕಂತಲೇ ಇಟ್ಟಿದ್ದಾರೆ" ಅಂದ. ಯಾರಿಟ್ಟರೂ ಕಾಲಲ್ಲಿ ಬೆಸುಗೆ ಕಲಿತವರೇ ಇರಬೇಕು ಅಂದೆ. ಎಲ್ಲ ಉಜ್ಜಿ ತೆಗೆದೆ. ಈಗ ಕಂಬಿ ಮೇಲೆ ಕೈಯಿಟ್ಟರೆ ಈ ತುದಿಯಿಂದ ಆ ತುದಿಗೆ ಬೆಣ್ಣೆ ಜಾರಿದ ಹಾಗೆ ಜಾರುತ್ತದೆ.

ಇನ್ನೊಂದು ಯೋಚನೆ ಮಾಡಿದ್ದೇನೆ. ದೋಣಿಬಾಗಿಲು ಬಾಲದ ಹತ್ತಿರ ಇದೆಯಲ್ಲ, ಅದನ್ನು ನಡುವಿಗೆ ತರುತ್ತೇನೆ. ಹಳೇ ಬಾಗಿಲ ಜಾಗಕ್ಕೆ ಕಂಬಿ ಹಾಕಿ ಮುಚ್ಚುತ್ತೇನೆ. ಅಪ್ಪನ ಮಂಡಿ ಈಗೀಗ ಕಿರುಗುಟ್ಟುತ್ತದೆ, ಚುಕ್ಕಾಣಿಮನೆಯಿಂದ ಬಾಲದವರೆಗೆ ನಡೆಯುವುದು ತಪ್ಪುತ್ತದೆ. ಇದನ್ನಂತೂ ಅವನಿಗೆ ಹೇಳಿಲ್ಲ.

ದಿನಾ ಸಂಜೆ ಶೆಡ್ಡಿನ ಬಾಗಿಲಿಗೆ ಬಂದು, "ಕಂಬಿ ಒಂದ್ಸಲ ಮುಟ್ಟಿ ಹೋಗ್ತೀನಿ" ಅಂತ ಗೋಗರೆಯುತ್ತಾನೆ. ಮಗು ಹಾಗೆ. "ಮುಗಿಯಲಿ ಅಪ್ಪ, ಆಮೇಲೆ ದಿನವಿಡೀ ಸವರುವಿಯಂತೆ" ಅಂತ ಅಟ್ಟುತ್ತೇನೆ.

ಅಕ್ಕ


ಬೆಟ್ಟದ ತುದಿ, ಮಾರ್ಚ್ ೨೦

ಅಕ್ಕಾ,

ಈ ಕಾಗದ ಕೈಗೆ ಬಂದ ಕೂಡಲೇ ಕೆಲಸ ನಿಲ್ಲಿಸು. ಬಾಗಿಲ ಜಾಗ ಬದಲಿಸಬೇಡ. ಬದಲಿಸಿದ್ದರೆ ಅಪ್ಪನನ್ನು ಒಬ್ಬನೇ ಡೆಕ್ಕಿನ ಮೇಲೆ ಬಿಡಬೇಡ.

ಅಪ್ಪನಿಗೆ ಕಣ್ಣು ಕಾಣುತ್ತಿಲ್ಲ. ಪೇಪರ್ ಓದುತ್ತಾನಲ್ಲ ಅನ್ನುತ್ತೀಯ. ಓದುತ್ತಾನೆ. ನೇರ ಎದುರಿಗಿರುವುದು ಕಾಣುತ್ತದೆ. ಅಕ್ಕಪಕ್ಕ ಇಲ್ಲ, ಕಾಲ ಕೆಳಗೆ ಇಲ್ಲ. ಕಳೆದ ವರ್ಷ ನಾನು ರಜೆಗೆ ಬಂದಾಗ ಗುಟ್ಟಾಗಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆವು. ಪೇಪರ್ ಸುರುಳಿ ಸುತ್ತಿ ಅದರೊಳಗಿಂದ ನೋಡಿದರೆ ಎಷ್ಟು ಕಾಣುತ್ತದೋ ಅಷ್ಟೇ ಅವರಿಗೆ ಕಾಣುವುದು ಅಂದರು. ಹೋದದ್ದು ಬರುವುದಿಲ್ಲ, ಹನಿ ಹಾಕುತ್ತಿದ್ದರೆ ಉಳಿದದ್ದು ಉಳಿಯಬಹುದು ಅಂದರು. ನಿನ್ನ ಸ್ಟೂಲು, ನಿನ್ನ ಲೋಟ, ಎಲ್ಲ ಅದೇ.

ದಾರಿಯಲ್ಲಿ ಬರುವಾಗ ನನ್ನ ಕೈ ಹಿಡಿದು ಹೇಳಿದ: "ನಿಮ್ಮಕ್ಕನಿಗೆ ಗೊತ್ತಾದರೆ ನಾಳೆಯಿಂದಲೇ ದಡದಲ್ಲಿ ಕುರ್ಚಿ ಹಾಕಿ ಕೂರಿಸ್ತಾಳೆ. ದಡದಲ್ಲಿ ಕೂತು ದೋಣಿ ನೋಡೋದಕ್ಕಿಂತ ಕಣ್ಣು ಪೂರ್ತಿ ಹೋಗೋದೇ ವಾಸಿ. ಇದೊಂದು ವರ್ಷ ಬಿಡು, ಆಮೇಲೆ ನಾನೇ ಹೇಳ್ತೀನಿ." ನಾನು ಮಾತು ಕೊಟ್ಟೆ. ಕೊಡಬಾರದಿತ್ತು.

ಆ ಉಬ್ಬುಗಳನ್ನು ಇಟ್ಟದ್ದು ನಾನೇ. ಕಾಲಲ್ಲಿ ಬೆಸುಗೆ ಕಲಿತವನು. ನೀನು ಸಂತೆಗೆ ಹೋಗಿದ್ದ ದಿನ ಅಪ್ಪ ಕಣ್ಣು ಮುಚ್ಚಿ ಕಂಬಿ ಹಿಡಿದು ನಡೆದ. ಎಲ್ಲಿ ಅವನ ಕಾಲು ಅನುಮಾನಿಸಿತೋ ಅಲ್ಲಿ ಕಂಬಿಯ ಅಡಿಗೆ ಬೆಸುಗೆ ಹನಿಸಿದೆ. ಒಂದು ಉಬ್ಬು ಸಿಕ್ಕರೆ ಎಂಜಿನ್ನಿನ ಮುಚ್ಚಳ, ಹುಷಾರು. ಎರಡು ಸಿಕ್ಕರೆ ಮುಂದೆ ಬಾಗಿಲು, ನಿಲ್ಲು. ಅವನು ಆ ಕಂಬಿಯನ್ನು ಸವರುತ್ತಿದ್ದದ್ದು ಪ್ರೀತಿಗಲ್ಲ ಅಕ್ಕಾ, ದಾರಿಗೆ.

ಬೈಯುವುದನ್ನು ಆಮೇಲೆ ಬೈ. ಮೊದಲು ಅಪ್ಪನನ್ನು ತಡೆ.

ಮಾರ್ಚ್ ೨೩

ಕಾಗದ ಇನ್ನೂ ಇಲ್ಲೇ ಇದೆ. ನೀನು ಬರೆದ ದಿನದಿಂದ ಅಪ್ಪ ಎಷ್ಟು ಸಲ ಶೆಡ್ಡಿಗೆ ಬಂದಿರಬಹುದು ಅಂತ ಯೋಚಿಸುತ್ತಿದ್ದೇನೆ. ಗಾಳಿಗೆ ಡಬ್ಬಿ ನಿಲ್ಲಿಸಿದ್ದಾರೆ. ನಿಲ್ಲಿಸಿ ಅಂತ ಲೆಕ್ಕ ಕೊಟ್ಟವನು ನಾನು. ವೇಗ ಕಮ್ಮಿ ಬರೆಯೋಣ ಅನ್ನಿಸಿತು, ಡಬ್ಬಿ ನಡೆಸುವವನಿಗೂ ಮನೆಯಲ್ಲಿ ಯಾರೋ ಇರುತ್ತಾರೆ ಅಂತ ಬರೆಯಲಿಲ್ಲ.

ವೈರ್‌ಲೆಸ್ಸಿನಲ್ಲಿ ಕೆಳಗಿನ ಕಚೇರಿಗೆ ಕೇಳಿದೆ, ಮನೆಗೊಂದು ಸುದ್ದಿ ಮುಟ್ಟಿಸಿ ಅಂತ. "ಸಾವಾ?" ಅಂದರು. "ಅಲ್ಲ" ಅಂದೆ. "ಹಾಗಾದ್ರೆ ಕಾಗದ ಬರೀರಿ" ಅಂದರು.

ಮಾರ್ಚ್ ೨೯

ನಡೆದೇ ಇಳಿಯೋಣ ಅಂತ ಬೆಳಿಗ್ಗೆ ಹೊರಟೆ. ತಿರುವಿನಾಚೆ ದಾರಿಯೇ ಇಲ್ಲ, ಬರೀ ಹಿಮ. ಹಿರಿಯರು ಹಿಂದೆಯೇ ಬಂದು ಕೊರಳಪಟ್ಟಿ ಹಿಡಿದು ಎಳೆದುಕೊಂಡು ಬಂದರು. ಬಟ್ಟಲು ತಿರುಗುತ್ತಲೇ ಇದೆ. ಅದರ ಸದ್ದು ಕೇಳಿದರೆ ಕಿತ್ತೆಸೆಯಬೇಕು ಅನ್ನಿಸುತ್ತದೆ.

ತಮ್ಮ


ದೋಣಿ ಕಟ್ಟೆ, ಏಪ್ರಿಲ್ ೨

ಮುನಿಸಿಕೊಂಡ ತಮ್ಮನಿಗೆ,

ನಿನ್ನಿಂದ ಉತ್ತರವೇ ಇಲ್ಲ. ನನ್ನ ಮಾತು ಚುಚ್ಚಿತೇನೋ. ಹೋಗಲಿ ಬಿಡು, ಇವತ್ತು ನಾನು ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಸ್ಥಿತಿಯಲ್ಲಿಲ್ಲ. ಕಂಬಿ ಕೂತಿತು.

ಪ್ರತಿ ಪಾದದ ಕೆಳಗೆ ಹೊಸ ಅಂಟು ಬಳಿದು, ಡೆಕ್ಕಿನ ಕೆಳಗೆ ಅಗಲ ತಟ್ಟೆ ಕೊಟ್ಟು, ಬೋಲ್ಟುಗಳನ್ನು ಮೊದಲು ಬರೀ ಕೈಯಲ್ಲಿ ತಿರುಗಿಸಿಟ್ಟೆ. ಅವಸರದಲ್ಲಿ ಆಗಲೇ ಬಿಗಿದರೆ ಅಂಟೆಲ್ಲ ಹಿಂಡಿ ಹೊರಗೆ ಬಂದುಬಿಡುತ್ತದೆ. ಮೂರು ದಿನ ಕೈ ಕಟ್ಟಿಕೊಂಡು ಕಾದೆ. ನನ್ನ ಜೀವಮಾನದಲ್ಲಿ ಯಾವುದಕ್ಕೂ ಅಷ್ಟು ಕಾದಿಲ್ಲ. ಅಂಟು ರಬ್ಬರಿನ ಹಾಗೆ ಗಟ್ಟಿಯಾದ ಮೇಲೆ ಕಿಡಿಯಣ್ಣ ಕೆಳಗೆ ನಟ್ಟು ಹಿಡಿದ, ನಾನು ಮೇಲೆ ಬಿಗಿದೆ. ಆಮೇಲೆ ಇಬ್ಬರೂ ಸೇರಿ ಕಂಬಿಗೆ ನೇತಾಡಿದೆವು. ಒಂದು ಕೂದಲೆಳೆ ಅಲ್ಲಾಡಲಿಲ್ಲ.

ಮುದುಕಿ ನೀರಿಗಿಳಿದು ಕಟ್ಟೆಯಲ್ಲಿ ನಿಂತಿದ್ದಾಳೆ. ಡೆಕ್ಕಿಗೂ ಹೊಸ ಬಣ್ಣ ಬಳಿದಿದ್ದೇನೆ, ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತದೆ. ನಡುವಿನ ಹೊಸ ಬಾಗಿಲಿನ ಅಡ್ಡಕಂಬಿಗೆ ಒಳ್ಳೆ ಕೀಲು ಸಿಕ್ಕಿತು, ಕಿರುಬೆರಳಲ್ಲಿ ತಳ್ಳಿದರೆ ತೆರೆದುಕೊಳ್ಳುತ್ತದೆ. ಅಪ್ಪನಿಗೆ ಅದನ್ನೇ ಮೊದಲು ತೋರಿಸಬೇಕು.

ಭಾನುವಾರ ಬೆಳಿಗ್ಗೆ ಕರೆದುಕೊಂಡು ಹೋಗುತ್ತೇನೆ. ಇವತ್ತೇ ಅಂಗಿ ಇಸ್ತ್ರಿ ಮಾಡಿಟ್ಟುಕೊಂಡಿದ್ದಾನೆ, ಕಳ್ಳ.

ಅಕ್ಕ


ದೋಣಿ ಕಟ್ಟೆ, ಏಪ್ರಿಲ್ ೭

ತಮ್ಮಾ,

ಹೆದರಬೇಡ, ಅಪ್ಪ ಇದ್ದಾನೆ. ಹೆಗಲ ಮೂಳೆ ಬಿರುಕು ಬಿಟ್ಟಿದೆ, ಕೈಗೆ ಜೋಲಿ ಕಟ್ಟಿದ್ದಾರೆ. ಭಾನುವಾರ ದೋಣಿಯಿಂದ ಬಿದ್ದ.

ಮೂತಿಯ ಕಡೆ ಹಾಕಿದ್ದ ಹಲಗೆ ದಾಟುವಾಗ ಕೈ ಹಿಡಿದಿದ್ದೆ. ಡೆಕ್ಕು ಹತ್ತಿದ ಕೂಡಲೇ ಕೊಡವಿದ. "ಬಿಡೇ, ನನ್ನ ದೋಣಿ ನನಗೆ ಗೊತ್ತಿಲ್ವಾ" ಅಂದ. ಎಡಬದಿಯ ಕಂಬಿ ಹಿಡಿದು ಬಾಲದ ಕಡೆ ಹೊರಟ, ಎಷ್ಟು ಗತ್ತಿನಿಂದ ಅಂತೀಯ. ನಾನು ಹಿಂದೆ ನಿಂತು ಅವನ ಕೈಯನ್ನೇ ನೋಡುತ್ತಿದ್ದೆ. ನಾನು ಉಜ್ಜಿದ ಕಂಬಿಯ ಮೇಲೆ ನಮ್ಮಪ್ಪನ ಕೈ ಜಾರುತ್ತಿತ್ತು. ಅಷ್ಟು ಖುಷಿ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ನಡುವಿನ ಬಾಗಿಲ ಅಡ್ಡಕಂಬಿಯನ್ನು ನಾನೇ ತೆರೆದಿಟ್ಟಿದ್ದೆ, ಎಷ್ಟು ಸಲೀಸಾಗಿ ಆಡುತ್ತದೆ ಅಂತ ತೋರಿಸಲು. ಅಲ್ಲಿಗೆ ಬಂದವನು ನಿಲ್ಲಲೇ ಇಲ್ಲ. ಅಂಚಿನ ದಿಮ್ಮಿಗೆ ಹೆಗಲು ಬಡಿದು ನೀರಿಗೆ ಬಿದ್ದ. ನಾನು ಹಾರಿದೆ. ನಾನು ತಲುಪುವ ಹೊತ್ತಿಗೆ ಒಂದೇ ಕೈಯಲ್ಲಿ ಈಜಿ ಹಗ್ಗ ಹಿಡಿದಿದ್ದ. "ನೀರು ತಣ್ಣಗಿದೆ" ಅಂದ, ಅಷ್ಟೆ.

ಕೇಳಿದರೆ ಡೆಕ್ಕಿನ ಹೊಸ ಬಣ್ಣ ನುಣುಪು, ಕಾಲು ಜಾರಿತು ಅನ್ನುತ್ತಾನೆ. ಎಲ್ಲ ನನ್ನ ಹೊಳಪಿನ ಹುಚ್ಚು. ನಾಳೆಯೇ ಬಣ್ಣ ಕೆರೆದು, ಮರಳು ಬೆರೆಸಿ ಒರಟಾಗಿ ಬಳಿಯುತ್ತೇನೆ.

ಅದಾದರೂ ಸರಿಮಾಡಬಹುದು. ಸರಿಮಾಡಲಾಗದ ಮಾತೊಂದು ಆಡಿದ್ದಾನೆ. ನಿನ್ನೆ ಗೋಡೆ ಕಡೆ ತಿರುಗಿ ಮಲಗಿದ್ದವನು, "ದೋಣಿ ಮಾರಿಬಿಡು. ಒಳ್ಳೆ ಕಂಬಿ ಹಾಕಿದೀಯ, ಯಾರಾದರೂ ತಗೋತಾರೆ" ಅಂದ. ನಾನು ಮಾಡಿದ್ದು ಅವನಿಗೆ ಇಷ್ಟವಾಗಲಿಲ್ಲ. ಅವನ ಮುದುಕಿಯನ್ನು ನಾನು ಗುರುತೇ ಸಿಗದ ಹಾಗೆ ಮಾಡಿಬಿಟ್ಟೆ ಅಂತ ಅವನ ಕೋಪ. ಮುಟ್ಟಬೇಕು ಅಂತ ದಿನಾ ಬೇಡುತ್ತಿದ್ದವನು ಈಗ ಕಿಟಕಿಯಿಂದಲೂ ದೋಣಿ ನೋಡುತ್ತಿಲ್ಲ. ಅವನಿಗೆ ದೋಣಿ ಬೇಡ ಅಂದರೆ ನನಗೇಕೆ?

ಏನಾದರೂ ಬರಿ. ಬೈದಾದರೂ ಬರಿ.

ಅಕ್ಕ


ದೋಣಿ ಕಟ್ಟೆ, ಏಪ್ರಿಲ್ ೧೨

ನಿನ್ನ ಕಾಗದ ಇವತ್ತು ಬಂತು. ಮೂರು ಬೇರೆ ಬೇರೆ ತಾರೀಖು ಹಾಕಿದ ಕಾಗದ.

ಉಪಕರಣದ ಪೆಟ್ಟಿಗೆ ತೆರೆದು ನೋಡಿದೆ. ಗ್ರೀಸ್ ಡಬ್ಬದ ಹಿಂದೆ ಹನಿ ಔಷಧಿ ಸಿಕ್ಕಿತು. ಕಳೆದ ವರ್ಷದಿಂದ ಅವನು ದಿನಾ ಬೆಳಿಗ್ಗೆ ಗ್ರೀಸ್ ಹುಡುಕುತ್ತಿದ್ದದ್ದು ಇದಕ್ಕೆ.

ನೀನು ಫೆಬ್ರವರಿಯಲ್ಲಿ "ಹೀಗೇ ಅನ್ನಿಸಿತು, ಬರೆದೆ" ಅಂತ ಬರೆದೆಯಲ್ಲ. ಹೀಗೇ ಅನ್ನಿಸಿತಾ ನಿನಗೆ? ಜನ ತುಂಬಿದ ದೋಣಿಯನ್ನು ಅವನು ಒಂದು ವರ್ಷ ನಡೆಸಿದ್ದಾನೆ. ನಾನು ಹಿಂದೆ ನಿಂತು ಹೊರಡು ಹೊರಡು ಅಂತ ಕೂಗುತ್ತಿದ್ದೆ. ಆ ಜನರಿಗೆ ಏನಾದರೂ ಆಗಿದ್ದರೆ ನಿನ್ನ ಮಾತು ಉಳಿಸಿಕೊಂಡ ಪುಣ್ಯ ಯಾರಿಗೆ ಬರುತ್ತಿತ್ತು?

ಸಾವಾ ಅಂತ ಕೇಳಿದಾಗ ಹೌದು ಅನ್ನಬೇಕಿತ್ತು.

ಅಪ್ಪನಿಗೆ ಇನ್ನೂ ಏನೂ ಹೇಳಿಲ್ಲ. ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದಾನೆ, ನನಗೆ ಕೇಳಲಿ ಅಂತ ಜೋರಾಗಿ.


ಬೆಟ್ಟದ ತುದಿ, ಏಪ್ರಿಲ್ ೨೪

ಅಕ್ಕಾ,

ನಿನ್ನ ಮೂರು ಕಾಗದಗಳೂ ಒಂದೇ ಡಬ್ಬಿಯಲ್ಲಿ ಬಂದವು. ಮೇಲಿದ್ದದ್ದನ್ನು ಮೊದಲು ಒಡೆದೆ, ಅದು ಕೊನೆಯದು. ಆಮೇಲೆ ಅಪ್ಪ ಬಿದ್ದ ಸುದ್ದಿಯದು ಓದಿದೆ, ಕೊನೆಗೆ ಇಸ್ತ್ರಿ ಅಂಗಿಯದು. ಆ ಕಾಗದವನ್ನು ಪೂರ್ತಿ ಓದಲಾಗಲಿಲ್ಲ.

ನೀನು ಬರೆದದ್ದರಲ್ಲಿ ಒಂದಕ್ಷರ ಹೆಚ್ಚಿಲ್ಲ. ಜನರ ಮಾತು ಹೇಳಿದೆಯಲ್ಲ, ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಡಾಕ್ಟರ ಹತ್ತಿರದಿಂದ ಬರುವಾಗ ಅಪ್ಪ ಅತ್ತಿದ್ದ, ನನಗೆ ಅದೊಂದೇ ಕಂಡಿತ್ತು. ನನಗೂ ಅಕ್ಕಪಕ್ಕ ಕಾಣಲಿಲ್ಲ ಅನ್ನು.

ಒಂದು ಮಾತ್ರ ತಪ್ಪು ತಿಳಿದಿದ್ದೀಯ. ನಿನ್ನ ಕೆಲಸ ಇಷ್ಟವಾಗದೆ ಮಾರು ಅಂದದ್ದಲ್ಲ ಅವನು. ದಡದ ಕುರ್ಚಿ ಬಂತು ಅಂತ ಅವನಿಗೆ ಗೊತ್ತಾಯಿತು. ನೀನು ಕೂರಿಸುವ ಮೊದಲು ತಾನೇ ಕೂತುಬಿಟ್ಟ.

ನಾನು ಬರಲಾ? ಕೆಲಸ ಬಿಟ್ಟು ಬರುತ್ತೇನೆ. ಚುಕ್ಕಾಣಿ ನಾನು ಹಿಡಿಯುತ್ತೇನೆ. ಒಂದು ಸಾಲು ಬರಿ ಸಾಕು, ಗಂಟುಮೂಟೆ ಕಟ್ಟಿಯೇ ಇಟ್ಟಿದ್ದೇನೆ.

ತಮ್ಮ


ದೋಣಿ ಕಟ್ಟೆ, ಮೇ ೧೦

ತಮ್ಮಾ,

ಗಂಟುಮೂಟೆ ಬಿಚ್ಚು. ಬರಬೇಡ ಅಂತಲ್ಲ, ರಜೆಗೆ ಬಾ. ಆಗ ನಿನಗೆ ಬಡಿಸಬೇಕಾದ್ದು ಇದೆ, ಅದನ್ನು ಕಾಗದದಲ್ಲಿ ಕಳಿಸಲಾಗುವುದಿಲ್ಲ.

ನಿನ್ನ ಈ ಸಲದ ಕಾಗದ ಬಂದ ಸಂಜೆ ಎರಡು ಪೇಪರು ಸುರುಳಿ ಸುತ್ತಿ ಎರಡು ಕಣ್ಣಿಗೂ ಹಿಡಿದು ಮನೆಯೆಲ್ಲ ನಡೆದೆ. ಹೊಸ್ತಿಲು ಎಡವಿದೆ, ಬಾಗಿಲಿಗೆ ಮೊಣಕೈ ಬಡಿದೆ, ನಾನೇ ಇಟ್ಟಿದ್ದ ಸ್ಟೂಲು ಒದ್ದೆ. ಸದ್ದಿಗೆ ಅಪ್ಪ ತಲೆಯೆತ್ತಿದ. ಸುರುಳಿಯ ಆ ತುದಿಯಲ್ಲಿ ಬರೀ ಅವನ ಮುಖ ಕಾಣುತ್ತಿತ್ತು.

"ಬಾಯಿಬಿಟ್ನಾ ಅವನು?" ಅಂದ.

"ಹೂಂ."

"ಸರಿ. ಕುರ್ಚಿ ಎಲ್ಲಿ ಹಾಕಿದೀಯ?"

"ಕುರ್ಚಿ ಇಲ್ಲ. ಬೆಸುಗೆ ಕೋಲು ಇದೆ. ಬೆಳಿಗ್ಗೆ ಬಂದು ನಡಿ, ಎಲ್ಲೆಲ್ಲಿ ಉಬ್ಬು ಬೇಕೋ ಹೇಳು" ಅಂದೆ. ಅವನ ಮುಖ ಅರಳಿತು. ಅದು ಅರಳಿರುವಾಗಲೇ ಉಳಿದದ್ದನ್ನೂ ಹೇಳಬೇಕಿತ್ತು, ಹೇಳಿದೆ. "ಚುಕ್ಕಾಣಿ ಇನ್ನು ನಿನಗೆ ಕೊಡಲ್ಲ ಅಪ್ಪ. ಜನ ಇರ್ತಾರೆ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಗೋಡೆ ಸವರಿಕೊಂಡು ಒಳಗೆ ಹೋದ. ನನ್ನೆದುರು ಗೋಡೆ ಸವರಿ ನಡೆದದ್ದು ಅದೇ ಮೊದಲು. ಮಾರನೆ ದಿನ ಬರಲಿಲ್ಲ, ಅದರ ಮಾರನೆ ದಿನವೂ ಬರಲಿಲ್ಲ. ನಾನು ಬೆಸುಗೆ ಕೋಲು ಇಟ್ಟುಕೊಂಡು ಡೆಕ್ಕಿನ ಮೇಲೆ ಕೂತಿರುತ್ತಿದ್ದೆ. ಅಂಟು ಒಣಗುವುದನ್ನು ಕಾದ ಹಾಗೇ ಕಾದೆ. ಅವಸರದಲ್ಲಿ ಬಿಗಿಯಬಾರದು.

ಮೂರನೇ ಬೆಳಿಗ್ಗೆ ಜೋಲಿ ಕೈ ಎದೆಗೆ ಒತ್ತಿಕೊಂಡು ಹಲಗೆಯ ಹತ್ತಿರ ಬಂದು ನಿಂತ. "ಹೊಸ ಬಾಗಿಲು ಎಲ್ಲಿಟ್ಟಿದೀಯ ತೋರಿಸು" ಅಂದ. ಬೇಕಾದರೆ ಹಳೇ ಜಾಗಕ್ಕೇ ಹಾಕುತ್ತೇನೆ ಅಂದೆ. "ಬೇಡ. ಮಂಡಿಗೆ ಒಳ್ಳೇದು. ಯೋಚನೆ ಮಾಡೇ ಇಟ್ಟಿದೀಯ" ಅಂದ. ತಮ್ಮಾ, ಆ ಕಂಬಿಯ ಕೆಲಸಕ್ಕೆ ನನಗೆ ಸಿಕ್ಕ ಹೊಗಳಿಕೆ ಅಷ್ಟೇ. ನನಗದು ಸಾಕು.

ಅವನು ನಡೆದ, ನಾನು ಹಿಂದೆ ಹೋದೆ. ಒಂದೆರಡು ಕಡೆ ಅವನು ಉಬ್ಬು ಬೇಡ ಅಂದ, ನಾನು ಕಣ್ಣು ಮುಚ್ಚಿ ನಡೆದು ನೋಡಿ ಬೇಕು ಅಂದೆ. ಬಾಗಿಲ ಆಚೀಚೆ ಎರಡೆರಡು ಇಟ್ಟೆವು. ನುಣ್ಣಗೆ ಉಜ್ಜಿದ ಕಂಬಿಯ ಮೇಲೆ ನನ್ನ ಕೈಯಾರೆ ಬೆಸುಗೆ ಹನಿಸುವಾಗ ಮೊದಲನೆಯದಕ್ಕೆ ಹಲ್ಲು ಕಚ್ಚಿದೆ. ನಿನ್ನವಕ್ಕಿಂತ ಚೆನ್ನಾಗಿವೆ, ಗುಂಡಗೆ ಬಟಾಣಿ ಹಾಗೆ ಇವೆ. ಕಿಡಿಯಣ್ಣ ಬೆರಳಾಡಿಸಿ ತಲೆದೂಗಿ ಹೋದ. ಅವನಿಗೆ ಮೊದಲೇ ಅನುಮಾನ ಇತ್ತೋ ಏನೋ.

ಅಧಿಕಾರಿ ಮತ್ತೆ ಬಂದರು. ಈ ಸಲ ಪೆನ್ನನ್ನು ಒಳಜೇಬಿಗೆ ಇಟ್ಟು, ಗುಂಡಿ ಹಾಕಿ, ಆಮೇಲೆ ಕಂಬಿಗೆ ಒರಗಿದರು. ಅಲ್ಲಾಡಲಿಲ್ಲ. ಅಡಿಯಲ್ಲಿ ಬೆರಳಿಗೆ ಏನೋ ಸಿಕ್ಕಿತು ಅಂತ ಬಗ್ಗಿ ನೋಡಿ, "ಏನಿದು?" ಅಂದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಚುಕ್ಕಾಣಿ ಯಾರದು ಅಂತ ಕೇಳಿದರು, ನನ್ನದು ಅಂದೆ. ಅಪ್ಪ ಆಚೆ ತಿರುಗಿ ನೀರು ನೋಡುತ್ತಿದ್ದ. ಸಹಿ ಹಾಕಿದರು.

ನಿನ್ನೆ ಮೊದಲ ಸುತ್ತು. ಕಾರ್ಖಾನೆಯ ಜನ ಸಾಲಾಗಿ ಬಂದರು. ಅಪ್ಪ ಬಾಗಿಲಲ್ಲಿ ನಿಂತಿದ್ದ, ತಾನು ಬಿದ್ದ ಅದೇ ಬಾಗಿಲಲ್ಲಿ. ಜೋಲಿಯಿಂದ ಬಿಡಿಸಿದ ಎಡಗೈ ಕಂಬಿಯ ಎರಡು ಉಬ್ಬಿನ ಮೇಲೆ, ಬಲಗೈ ಚಾಚಿ. ಹತ್ತುವ ಪ್ರತಿಯೊಬ್ಬರೂ ಅವನ ಕೈ ಹಿಡಿದೇ ಹತ್ತಬೇಕು ಅಂತ ಕಟ್ಟಪ್ಪಣೆ. ಒಬ್ಬ ಹಾಗೇ ನುಗ್ಗಲು ನೋಡಿದ, ಕೆಳಗಿಳಿಸಿ ಮತ್ತೆ ಹತ್ತಿಸಿದ. ನಾನು ಚುಕ್ಕಾಣಿಮನೆಗೆ ಹೋದೆ.

ಅಲ್ಲಿ ನಿಂತರೆ ಹಿಂದೆ ಏನೂ ಕಾಣುವುದಿಲ್ಲ ಕಣೋ. ಗೊತ್ತಿತ್ತು, ಆದರೆ ಹೀಗೆ ಅಂತ ಗೊತ್ತಿರಲಿಲ್ಲ. ಎದುರಿಗೆ ನೀರು, ಅಷ್ಟೆ. ಬಾಗಿಲು ಹಾಕಿದರೋ, ಯಾರ ಕಾಲಾದರೂ ಅಂಚಿನಲ್ಲಿದೆಯೋ, ಅಪ್ಪ ಎಲ್ಲಿ ನಿಂತಿದ್ದಾನೋ, ಒಂದೂ ತಿಳಿಯದು. ಎಂಜಿನ್ನು ಹಾಕಿ ಕಾದೆ. ಕೂಗು ಬರಲಿಲ್ಲ. ಒಂದು ಸಲ ಓಡಿ ಹೋಗಿ ನೋಡಿ ಬರೋಣ ಅಂತ ಕಾಲು ಎಳೆಯಿತು. ಅಪ್ಪ ಇಷ್ಟು ವರ್ಷ ಒಂದು ದಿನವೂ ಎದ್ದು ಬಂದು ನೋಡಿದ್ದಿಲ್ಲ, ನನ್ನ ಕೂಗು ಕೇಳಿ ಹೊರಟುಬಿಡುತ್ತಿದ್ದ. ನಾನೂ ಹೋಗಲಿಲ್ಲ.

ಅಡ್ಡಕಂಬಿ ಬಿದ್ದ ಸದ್ದು ಕೇಳಿತು. ಆಮೇಲೆ ಅವನ ದನಿ.

"ಸರಿ, ಹೊರಡು."

ಹೊರಟೆ.

ಅಕ್ಕ